ಜಡ್ಜ್ ಹೆಸರಿನ ಪಕ್ಕ ಪಕ್ಷದ ಹೆಸರು ಬೇಕಾ, ಬೇಡ್ವಾ? ಅಮೆರಿಕದ ರಾಜ್ಯಗಳ ದಾರಿಗಳನ್ನು ಹೋಲಿಸಿ ನೋಡಿದಾಗ

2016ರ ನವೆಂಬರ್ ಚುನಾವಣೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ನನ್ನ ಮೊದಲ ಮತ. ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಮತಗಟ್ಟೆಯವರು ಕೈಗೆ ಒಂದು ಕಪ್ಪು ಪೆನ್ನು, ಒಂದು ಉದ್ದನೆಯ ಕಾಗದ ಕೊಟ್ಟರು. ಊರಲ್ಲಿ ಒಂದು ಗುಂಡಿ ಒತ್ತಿ, 'ಪೀಂ' ಅಂದ ಕೂಡಲೇ ಹೊರಗೆ ಬಂದು ಅಭ್ಯಾಸವಾದವನಿಗೆ ಅದು ಪಿಯುಸಿ ಪ್ರಶ್ನೆಪತ್ರಿಕೆ ಥರ ಕಂಡಿತು. ಅಧ್ಯಕ್ಷ, ಸೆನೆಟರ್, ಗವರ್ನರ್ ಎಲ್ಲ ಮುಗಿಸಿ ಕೆಳಗೆ ಬಂದರೆ ಜಡ್ಜ್‌ಗಳ ಸಾಲು. ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ಎರಡು ಹೆಸರು: ಮೈಕ್ ಮಾರ್ಗನ್, ಬಾಬ್ ಎಡ್ಮಂಡ್ಸ್. ಪಕ್ಕದಲ್ಲಿ ಪಕ್ಷದ ಹೆಸರಿಲ್ಲ. ಮೇಲ್ಮನವಿ ಕೋರ್ಟಿನ ಸ್ಥಾನಗಳಿಗೂ ಅದೇ ಕಾಗದದಲ್ಲಿ ಮತ. ಅಲ್ಲಿ ಮಾತ್ರ ಪಕ್ಷದ ಹೆಸರಿದೆ!

ಮಾರ್ಗನ್ ಯಾರು, ಎಡ್ಮಂಡ್ಸ್ ಯಾರು, ನನಗೆ ಗೊತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ಜಾಗ ಖಾಲಿ ಬಿಟ್ಟು ಬಂದೆ. ಪಕ್ಷದ ಹೆಸರಿದ್ದ ಕಡೆ ಮಾತ್ರ ತುಂಬಿದೆ.

ಫಲಿತಾಂಶ ನೋಡಿದರೆ ನನ್ನಂಥವರು ಬೇಕಾದಷ್ಟು ಜನ ಇದ್ದರು ಅನಿಸುತ್ತದೆ. ಟ್ರಂಪ್ ಆ ವರ್ಷ ನಮ್ಮ ರಾಜ್ಯ ಗೆದ್ದರು. ಪಕ್ಷದ ಹೆಸರಿದ್ದ ಮೇಲ್ಮನವಿ ಕೋರ್ಟಿನ ಐದೂ ಸ್ಥಾನ ರಿಪಬ್ಲಿಕನ್ನರ ಪಾಲಾದವು. ಹೆಸರಿಲ್ಲದ ಸುಪ್ರೀಂ ಕೋರ್ಟ್ ಸ್ಥಾನವನ್ನು ಮಾತ್ರ ಡೆಮಾಕ್ರಟ್ ಮಾರ್ಗನ್ ಸುಮಾರು 54 ಶೇಕಡಾ ಮತ ಪಡೆದು ಗೆದ್ದುಕೊಂಡರು. ಅದೇ ಡಿಸೆಂಬರ್‌ನಲ್ಲಿ ರಿಪಬ್ಲಿಕನ್ ಬಹುಮತದ ಶಾಸಕಾಂಗ ಕಾನೂನು ಬದಲಿಸಿತು. ಇನ್ನು ಮುಂದೆ ಸುಪ್ರೀಂ ಕೋರ್ಟ್ ಅಭ್ಯರ್ಥಿಗೂ ಪಕ್ಷದ ಹೆಸರು ಕಡ್ಡಾಯ!

ಹೀಗೆ ಒಂದೇ ಊರಲ್ಲಿ ಕೂತು ಎರಡೂ ಪದ್ಧತಿಯಲ್ಲಿ ಮತ ಹಾಕುವ ಅದೃಷ್ಟ ನನ್ನದು. ಈಗ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಚುನಾವಣೆಗೂ ಅದೇ ಪ್ರಶ್ನೆ ಬರುತ್ತದೆ: "ಜಡ್ಜ್‌ಗಳಿಗೆ ಯಾರಿಗೆ ಹಾಕೋದು?" ಅದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆ ಇದೆ. ಜಡ್ಜ್‌ಗಳನ್ನು ಆರಿಸುವ ಪದ್ಧತಿಗಳಲ್ಲಿ ಯಾವುದು ವಾಸಿ? ಇದು ಸುಮ್ನೆ ಹರಟೆಯ ಪ್ರಶ್ನೆ ಅಲ್ಲ. ಕ್ಯಾನ್ಸಸ್ ಶಾಸಕಾಂಗ 2025ರಲ್ಲಿ ಇದನ್ನೇ ಮತದಾರರ ಮುಂದೆ ಇಟ್ಟಿತು. ಈಗಿರುವ ನೇಮಕಾತಿ ಪದ್ಧತಿ ಬಿಟ್ಟು ಸುಪ್ರೀಂ ಕೋರ್ಟಿಗೆ ನೇರ ಚುನಾವಣೆ ಮಾಡೋಣವೇ ಅಂತ ಕೇಳಿ, 2026ರ ಆಗಸ್ಟ್‌ಗೆ ಮತದಾನ ಗೊತ್ತು ಮಾಡಿತು. ಅಂಥ ಪ್ರಶ್ನೆ ಎದುರಾದಾಗ ಏನೇನು ತೂಗಿ ನೋಡಬೇಕು, ಅದಕ್ಕೆ ಈ ಬರಹ.

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡೋಣ. ವಾಷಿಂಗ್ಟನ್‌ನಲ್ಲಿರುವ ಫೆಡರಲ್ ಸುಪ್ರೀಂ ಕೋರ್ಟಿನ ಮಾತಲ್ಲ ಇದು. ಅಲ್ಲಿ ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಬದುಕಿರುವವರೆಗೂ ಕುರ್ಚಿ. ಅದಲ್ಲದೆ ಪ್ರತಿ ರಾಜ್ಯಕ್ಕೂ ತನ್ನದೇ ಉನ್ನತ ನ್ಯಾಯಾಲಯ ಇದೆ. ರಾಜ್ಯದ ಸಂವಿಧಾನದ ವಿಷಯದಲ್ಲಿ ಅದರದ್ದೇ ಕೊನೆಯ ಮಾತು. ಹೆಸರುಗಳು ಮಾತ್ರ ತಲೆ ತಿನ್ನುತ್ತವೆ. ನ್ಯೂಯಾರ್ಕ್‌ನಲ್ಲಿ 'ಸುಪ್ರೀಂ ಕೋರ್ಟ್' ಅಂದರೆ ಕೆಳಗಿನ ಕೋರ್ಟು. ಟೆಕ್ಸಸ್‌ನಲ್ಲಿ ಉನ್ನತ ಕೋರ್ಟೇ ಎರಡು, ಒಂದು ಸಿವಿಲ್‌ಗೆ, ಒಂದು ಕ್ರಿಮಿನಲ್‌ಗೆ. 50 ರಾಜ್ಯಗಳಲ್ಲಿ 38 ರಾಜ್ಯಗಳ ಉನ್ನತ ನ್ಯಾಯಮೂರ್ತಿಗಳು ಯಾವುದೋ ಒಂದು ಹಂತದಲ್ಲಿ ಮತದಾರರ ಮುಂದೆ ಬರಲೇಬೇಕು.

ಪಕ್ಷದ ಹೆಸರಿನಲ್ಲೇ ನಿಲ್ಲುವುದು

ಟೆಕ್ಸಸ್, ಅಲಬಾಮಾ, ಲೂಸಿಯಾನಾ, ನಾರ್ತ್ ಕೆರೊಲಿನಾ, ಇತ್ತೀಚೆಗೆ ಒಹಾಯೊ. ಪೆನ್ಸಿಲ್ವೇನಿಯಾ ಮತ್ತು ಇಲಿನಾಯ್‌ಗಳಲ್ಲಿ ಮೊದಲ ಸಲ ಪಕ್ಷದ ಹೆಸರಲ್ಲಿ ಚುನಾವಣೆ, ಆಮೇಲೆ 'ಇವರು ಮುಂದುವರಿಯಲೇ' ಅನ್ನುವ ಹೌದು-ಅಲ್ಲ ಮತ. ಭಾರತದಿಂದ ಬಂದವರಿಗೆ ಇದನ್ನು ಕೇಳಿದರೇ ಮೈ ಜುಮ್ ಅನ್ನುತ್ತದೆ. ಹೈಕೋರ್ಟ್ ಜಡ್ಜ್ ಒಬ್ಬರು ಕಮಲದ ಚಿಹ್ನೆಯ ಮೇಲೋ ಕೈ ಚಿಹ್ನೆಯ ಮೇಲೋ ನಿಂತು ಮತ ಕೇಳುವುದನ್ನು ಊಹಿಸಿಕೊಳ್ಳಿ!

ಆದರೆ ಇದನ್ನು ಶುರು ಮಾಡಿದವರು ತಲೆ ಕೆಟ್ಟವರೇನಲ್ಲ. ಮಿಸಿಸಿಪ್ಪಿ 1832ರಲ್ಲೇ ಎಲ್ಲ ಜಡ್ಜ್‌ಗಳನ್ನೂ ಚುನಾವಣೆಗೆ ನಿಲ್ಲಿಸಿತು. 1846ರಲ್ಲಿ ನ್ಯೂಯಾರ್ಕ್ ಕೂಡ ಆ ದಾರಿ ಹಿಡಿಯಿತು. ಗವರ್ನರುಗಳು ತಮ್ಮವರನ್ನೇ ತಂದು ಕೂರಿಸುತ್ತಾರೆ, ಅವರು ಗವರ್ನರಿಗೇ ತಲೆಯಾಡಿಸುತ್ತಾರೆ ಅನ್ನುವ ಸಿಟ್ಟು ಆಗ ಇತ್ತು. ಜನರಿಂದ ಗೆದ್ದು ಬಂದ ಜಡ್ಜ್ ಸರ್ಕಾರಕ್ಕೆ ಎದುರು ನಿಲ್ಲಬಲ್ಲ ಅನ್ನುವುದು ಅವರ ಲೆಕ್ಕ.

ಇದರ ದೊಡ್ಡ ಅನುಕೂಲ ಅಂದರೆ ಮಾಹಿತಿ. ಯಾರೂ ಕೇಳರಿಯದ ಎರಡು ಹೆಸರುಗಳ ನಡುವೆ ಪಕ್ಷವೊಂದೇ ಮತದಾರನಿಗೆ ಸಿಗುವ ಸುಳಿವು. ಹೆಸರಿದ್ದರೆ ಜನ ಆ ಜಾಗ ತುಂಬುತ್ತಾರೆ, ಇಲ್ಲದಿದ್ದರೆ ನನ್ನ ಹಾಗೆ ಖಾಲಿ ಬಿಡುತ್ತಾರೆ. ಹೊರಗಿನಿಂದ ಬಂದವರಿಗೂ ಇದು ಬಾಗಿಲು ತೆರೆದಿದ್ದಿದೆ. ಕಾಸರಗೋಡಿನಲ್ಲಿ ಬೀಡಿ ಸುತ್ತಿ ಓದಿದ ಸುರೇಂದ್ರನ್ ಪಟ್ಟೇಲ್ ಟೆಕ್ಸಸ್‌ನ ಫೋರ್ಟ್ ಬೆಂಡ್ ಕೌಂಟಿಯಲ್ಲಿ 2022ರಲ್ಲಿ ಡೆಮಾಕ್ರಟಿಕ್ ಟಿಕೆಟ್ ಮೇಲೆ ಜಡ್ಜ್ ಆದರು. ಅದು ಕೆಳಗಿನ ಕೋರ್ಟು, ನಿಜ. ಆದರೂ ಹೇಳಬೇಕು ಅನಿಸಿತು.

ಇನ್ನು ಕಷ್ಟದ ಭಾಗ. ಪಕ್ಷದ ಹೆಸರು ಇಟ್ಟ ಮೇಲೆ ಜಡ್ಜ್‌ನ ಹಣೆಬರಹ ಜಡ್ಜ್‌ನ ಕೆಲಸದ ಮೇಲೆ ನಿಲ್ಲುವುದಿಲ್ಲ. ಆ ವರ್ಷದ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದರ ಮೇಲೆ ನಿಲ್ಲುತ್ತದೆ. ನಮ್ಮ ರಾಜ್ಯದ ಕಥೆಯನ್ನೇ ಕೇಳಿ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಡೆಮಾಕ್ರಟ್‌ಗಳು 4, ರಿಪಬ್ಲಿಕನ್ನರು 3. ಶಾಸಕಾಂಗ ಗೀಚಿದ ಕ್ಷೇತ್ರಗಳ ನಕ್ಷೆ ಒಂದು ಪಕ್ಷಕ್ಕೆ ಅನುಕೂಲ ಮಾಡುವಂತಿದೆ, ಅದು ರಾಜ್ಯ ಸಂವಿಧಾನಕ್ಕೆ ವಿರುದ್ಧ ಅಂತ 4-3ರ ತೀರ್ಪು ಬಂತು. ನವೆಂಬರ್‌ನಲ್ಲಿ ಎರಡು ಸ್ಥಾನ ಕೈಬದಲಾಗಿ ಕೋರ್ಟು ರಿಪಬ್ಲಿಕನ್ 5, ಡೆಮಾಕ್ರಟಿಕ್ 2 ಆಯಿತು. 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಅದೇ ಪ್ರಕರಣದಲ್ಲಿ, ಅದೇ ಸಂವಿಧಾನವನ್ನು ಓದಿ, ಇದು ನಾವು ಕೈ ಹಾಕುವ ವಿಷಯವೇ ಅಲ್ಲ ಅಂತ 5-2ರಲ್ಲಿ ಹೇಳಿತು. ಸಂವಿಧಾನದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಕುರ್ಚಿಯಲ್ಲಿ ಕೂತವರು ಬದಲಾಗಿದ್ದರು. ನಮ್ಮ ರಾಜ್ಯದಿಂದ ವಾಷಿಂಗ್ಟನ್‌ಗೆ 2022ರಲ್ಲಿ ಸಂಸತ್ತಿನ ಕೆಳಮನೆಗೆ ಎರಡೂ ಪಕ್ಷದಿಂದ ಏಳೇಳು ಜನ ಹೋಗಿದ್ದರು. ಹೊಸ ನಕ್ಷೆ ಬಂದ ಮೇಲೆ 2024ರಲ್ಲಿ ಅದು 10-4 ಆಯಿತು.

ಯಾವ ತೀರ್ಪು ಸರಿ ಅನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಎರಡೂ ಸಲ ಮತ ಬಿದ್ದಿದ್ದು ಪಕ್ಷದ ಗೆರೆ ಹಿಡಿದೇ ಅನ್ನುವುದು ನಮಗಿಲ್ಲಿ ಬೇಕಾದ ವಿಷಯ.

ಅಂತರಗಳೂ ನೋಡಿ ಎಂಥವು. 2020ರಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಪಾಲ್ ನ್ಯೂಬಿ ಗೆದ್ದಿದ್ದು ಸುಮಾರು 54 ಲಕ್ಷ ಮತಗಳಲ್ಲಿ 401ರಿಂದ. ನಮ್ಮ ಕಡೆಯ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿಗೇ ಅದಕ್ಕಿಂತ ಜಾಸ್ತಿ ಜನ ನಿಂತಿರುತ್ತಾರೆ. 2024ರಲ್ಲಿ ಡೆಮಾಕ್ರಟ್ ಆಲಿಸನ್ ರಿಗ್ಸ್ 734 ಮತಗಳಿಂದ ಮುಂದಿದ್ದರು. ಎರಡು ಸಲ ಮರುಎಣಿಕೆ ಆಯಿತು. ಎದುರಾಳಿ ಜೆಫರ್ಸನ್ ಗ್ರಿಫಿನ್ ಸ್ವತಃ ಮೇಲ್ಮನವಿ ಕೋರ್ಟಿನ ಜಡ್ಜ್. ಅವರು 65,000ಕ್ಕೂ ಹೆಚ್ಚು ಮತಗಳನ್ನು ಪ್ರಶ್ನಿಸಿದರು. ಆರು ತಿಂಗಳು ಎಳೆದಾಟ. ರಾಜ್ಯದ ಮೇಲ್ಮನವಿ ಕೋರ್ಟು 2-1ರಲ್ಲಿ ಅವರ ಪರ ಹೋಯಿತು. ರಾಜ್ಯ ಸುಪ್ರೀಂ ಕೋರ್ಟು ಅದನ್ನು ಮೊಟಕು ಮಾಡಿತು, ಆದರೆ ಪೂರ್ತಿ ತಳ್ಳಿಹಾಕಲಿಲ್ಲ. (ರಿಪಬ್ಲಿಕನ್ ನ್ಯಾಯಮೂರ್ತಿ ರಿಚರ್ಡ್ ಡೀಟ್ಜ್ ತಮ್ಮ ಪಕ್ಷದ ಸಹೋದ್ಯೋಗಿಗಳ ಜೊತೆ ಹೋಗಲಿಲ್ಲ, ಇದನ್ನು ಮರೆಯಬಾರದು.) ಕೊನೆಗೆ 2025ರ ಮೇ 5ರಂದು, ಆಟ ಮುಗಿದ ಮೇಲೆ ನಿಯಮ ಬದಲಿಸುವ ಹಾಗಿಲ್ಲ ಅಂತ ರಿಗ್ಸ್ ಗೆಲುವನ್ನು ಎತ್ತಿಹಿಡಿದವರು ಫೆಡರಲ್ ನ್ಯಾಯಾಧೀಶ ರಿಚರ್ಡ್ ಮೈಯರ್ಸ್. ಅವರನ್ನು ನೇಮಿಸಿದ್ದು ಯಾರು? ಟ್ರಂಪ್! ಎರಡು ದಿನ ಬಿಟ್ಟು ಗ್ರಿಫಿನ್ ಸೋಲು ಒಪ್ಪಿಕೊಂಡರು.

ಮೈಯರ್ಸ್ ಕುರ್ಚಿಗೆ ಮುಂದಿನ ಚುನಾವಣೆ ಅನ್ನುವುದೇ ಇಲ್ಲ. ಇದನ್ನು ನೆನಪಲ್ಲಿಡಿ, ಮತ್ತೆ ಬರೋಣ.

ಟೆಕ್ಸಸ್‌ನ ಪಾಠ ಬೇರೆ ಥರದ್ದು. ಅಲ್ಲಿ 1994ರಿಂದ ಈಚೆಗೆ ರಾಜ್ಯಮಟ್ಟದ ಯಾವ ಚುನಾವಣೆಯನ್ನೂ ಡೆಮಾಕ್ರಟ್‌ಗಳು ಗೆದ್ದಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಪಕ್ಷದ ಹೆಸರು ಇದ್ದರೂ ಒಂದೇ, ಬಿಟ್ಟರೂ ಒಂದೇ. ನಿಜವಾದ ಕುಸ್ತಿ ಮಾರ್ಚ್‌ನ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಆಯ್ಕೆಯಲ್ಲಿ. 2021ರಲ್ಲಿ ಅಲ್ಲಿನ ಕ್ರಿಮಿನಲ್ ಮೇಲ್ಮನವಿ ಕೋರ್ಟು ಒಂದು ತೀರ್ಪು ಕೊಟ್ಟಿತು. ಅಟಾರ್ನಿ ಜನರಲ್ ತಾನಾಗಿಯೇ ಚುನಾವಣಾ ಅಕ್ರಮದ ಕೇಸು ಹಾಕುವಂತಿಲ್ಲ, ಸ್ಥಳೀಯ ಸರ್ಕಾರಿ ವಕೀಲರು ಕರೆದರೆ ಮಾತ್ರ ಬರಬಹುದು ಅಂತ. ಒಂಬತ್ತು ಜನ ಜಡ್ಜ್‌ಗಳೂ ರಿಪಬ್ಲಿಕನ್ನರೇ, ತೀರ್ಪು 8-1. ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅದನ್ನು ಮರೆಯಲಿಲ್ಲ. 2024ರ ಪ್ರೈಮರಿಯಲ್ಲಿ ಆ ಎಂಟು ಮಂದಿಯಲ್ಲಿ ಮೂವರು ಮತ್ತೆ ನಿಂತಿದ್ದರು: ಶರಾನ್ ಕೆಲ್ಲರ್, ಬಾರ್ಬರಾ ಹರ್ವಿ, ಮಿಶೆಲ್ ಸ್ಲಾಟರ್. ಪ್ಯಾಕ್ಸ್‌ಟನ್ ಅವರ ವಿರುದ್ಧ ಪ್ರಚಾರ ಮಾಡಿದರು. ಮೂವರೂ ಸ್ವಂತ ಪಕ್ಷದವರ ಕೈಲೇ ಸೋತರು.

ಪಕ್ಷದ ಹೆಸರಿಲ್ಲದ ಚುನಾವಣೆ

ಹಾಗಾದರೆ ಹೆಸರು ತೆಗೆದುಬಿಟ್ಟರೆ ಆಯ್ತಲ್ಲ? ವಿಸ್ಕಾನ್ಸಿನ್, ವಾಷಿಂಗ್ಟನ್ ರಾಜ್ಯ, ಮಿನಸೋಟಾ, ಜಾರ್ಜಿಯಾ ಹೀಗೆ ಹತ್ತಾರು ರಾಜ್ಯಗಳಲ್ಲಿ ಇರುವುದು ಅದೇ.

ನಮ್ಮ ಮಾವ ತುಮಕೂರು ಕಡೆ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಒಂದು ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಿದ್ದಾಗ ಟಿವಿಯಲ್ಲಿ ವಿಸ್ಕಾನ್ಸಿನ್ ಸುದ್ದಿ ಬರುತ್ತಿತ್ತು. ನಾನು ವಿವರಿಸಿದೆ: "ಇದು ಪಕ್ಷರಹಿತ ಚುನಾವಣೆ ಮಾವ. ಬ್ಯಾಲೆಟ್ ಮೇಲೆ ಪಕ್ಷ ಇರೋದಿಲ್ಲ." ಅವರು ನಕ್ಕುಬಿಟ್ಟರು. "ಅಯ್ಯೋ, ನಮ್ಮ ಪಂಚಾಯ್ತಿ ಎಲೆಕ್ಷನ್ ಅಂತ ಹೇಳಿ ಅಳಿಯಂದಿರೇ! ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಅಂತ ಚಿಹ್ನೆ ಕೊಡೋದು. ಯಾರು ಯಾವ ಪಾರ್ಟಿ ಅಂತ ಊರಿನ ನಾಯಿಗೂ ಗೊತ್ತಿರುತ್ತೆ. ಗೆದ್ದ ಮಾರನೇ ದಿನ ಎಂಎಲ್ಎ ಜೊತೆ ಫೋಟೋ."

ಇದಕ್ಕಿಂತ ಚೆನ್ನಾಗಿ ಹೇಳುವುದು ನನಗಂತೂ ಬಾರದು. ವಿಸ್ಕಾನ್ಸಿನ್‌ನಲ್ಲಿ 2023ರ ಏಪ್ರಿಲ್ ಚುನಾವಣೆಗೆ 5 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಯಿತು. 2025ರಲ್ಲಿ ಸೂಸನ್ ಕ್ರಾಫರ್ಡ್ ಮತ್ತು ಬ್ರಾಡ್ ಶಿಮೆಲ್ ನಡುವಿನ ಸ್ಪರ್ಧೆಗೆ ಸುಮಾರು 10 ಕೋಟಿ ಡಾಲರ್. ಒಂದೇ ಒಂದು ಜಡ್ಜ್ ಸ್ಥಾನಕ್ಕೆ! ಇಲಾನ್ ಮಸ್ಕ್ ಗ್ರೀನ್ ಬೇ ಊರಿಗೆ ಬಂದು, ಚೀಸ್ ತುಂಡಿನ ಆಕಾರದ ಟೋಪಿ ಹಾಕಿಕೊಂಡು, ಇಬ್ಬರು ಮತದಾರರಿಗೆ ತಲಾ ಹತ್ತು ಲಕ್ಷ ಡಾಲರ್ ಚೆಕ್ ಕೊಟ್ಟರು. ಅವರು ಬೆಂಬಲಿಸಿದ ಶಿಮೆಲ್ ಹತ್ತು ಶೇಕಡಾ ಅಂತರದಲ್ಲಿ ಸೋತರು ಅನ್ನುವುದು ಬೇರೆ ಮಾತು. ಬ್ಯಾಲೆಟ್ ಮೇಲೆ ಪಕ್ಷ ಇರಲಿಲ್ಲ. ಊರ ತುಂಬ ಇತ್ತು. ಮಿಷಿಗನ್‌ನದ್ದು ಇನ್ನೂ ತಮಾಷೆ. ಅಲ್ಲಿ ಅಭ್ಯರ್ಥಿಯನ್ನು ಹೆಸರಿಸುವುದೇ ಪಕ್ಷದ ಸಮಾವೇಶ, ಆದರೆ ಬ್ಯಾಲೆಟ್ ಮೇಲೆ ಮಾತ್ರ ಪಕ್ಷ ಬರುವಂತಿಲ್ಲ.

ಹೆಸರು ತೆಗೆದಾಗ ಮಾಹಿತಿ ಹೋಗುತ್ತದೆ, ಪಕ್ಷ ಹೋಗುವುದಿಲ್ಲ. ಟಿವಿ ನೋಡುವವರಿಗೆ, ಪಕ್ಷದ ಕಾರ್ಯಕರ್ತರಿಗೆ ಎಲ್ಲ ಗೊತ್ತಿರುತ್ತದೆ. ಎರಡು ಪಾಳಿ ದುಡಿದು ಮತ ಹಾಕಲು ಬಂದವರಿಗೆ ಗೊತ್ತಿರುವುದಿಲ್ಲ. ಆಗ ಅವರು ಏನು ನೋಡುತ್ತಾರೆ? ಹೆಸರು ಕೇಳಲು ಹೇಗಿದೆ ಅಂತ. 1990ರಲ್ಲಿ ವಾಷಿಂಗ್ಟನ್ ರಾಜ್ಯದ ಮುಖ್ಯ ನ್ಯಾಯಮೂರ್ತಿ ಕೀತ್ ಕ್ಯಾಲೋ ಎದುರು ಚಾರ್ಲ್ಸ್ ಜಾನ್ಸನ್ ಅನ್ನುವ ಯಾರಿಗೂ ಪರಿಚಯವಿಲ್ಲದ ವಕೀಲರು ನಿಂತರು. ಹೇಳಿಕೊಳ್ಳುವಂಥ ಪ್ರಚಾರ ಇಲ್ಲ. ಗೆದ್ದೇಬಿಟ್ಟರು! ಜಾನ್ಸನ್ ಅನ್ನುವುದು ಅಲ್ಲಿ ನಮ್ಮ ಮಂಜುನಾಥ ಇದ್ದ ಹಾಗೆ. ಅದೃಷ್ಟಕ್ಕೆ ಅವರು ಒಳ್ಳೆಯ ಜಡ್ಜ್ ಆಗಿ ದಶಕಗಳ ಕಾಲ ಉಳಿದರು. ಟೆಕ್ಸಸ್‌ಗೆ ಆ ಅದೃಷ್ಟ ಇರಲಿಲ್ಲ. 1976ರಲ್ಲಿ ಸುಪ್ರೀಂ ಕೋರ್ಟ್ ಸ್ಥಾನಕ್ಕೆ ನಡೆದ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಡಾನ್ ಯಾರ್‌ಬ್ರೋ ಅನ್ನುವವರು ಗೆದ್ದರು. ಜನ ಅವರನ್ನು ಅದೇ ಥರದ ಹೆಸರಿನ ಪ್ರಸಿದ್ಧ ರಾಜಕಾರಣಿ ಅಂದುಕೊಂಡರು ಅಂತ ಈಗಲೂ ಹೇಳುತ್ತಾರೆ. ಮರುವರ್ಷವೇ ಅಪರಾಧದ ಕೇಸುಗಳ ನಡುವೆ ರಾಜೀನಾಮೆ ಕೊಟ್ಟು ಹೋದರು. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರಾದ್ದರಿಂದ ಅಲ್ಲೂ ಮತದಾರನ ಕೈಗೆ ಉಳಿಯುವುದು ಹೆಸರೊಂದೇ.

ದುಡ್ಡಿನ ವಿಷಯ

ಪಕ್ಷ ಇರಲಿ, ಬಿಡಲಿ, ಚುನಾವಣೆ ಅಂದ ಮೇಲೆ ದುಡ್ಡು ಬರುತ್ತದೆ. ದುಡ್ಡು ಕೊಟ್ಟವರ ಕೇಸು ಅದೇ ಜಡ್ಜ್ ಮುಂದೆ ಬಂದರೆ? ವೆಸ್ಟ್ ವರ್ಜೀನಿಯಾದಲ್ಲಿ ಬಂತು. ಮ್ಯಾಸಿ ಅನ್ನುವ ಕಲ್ಲಿದ್ದಲು ಕಂಪನಿಯ ವಿರುದ್ಧ 5 ಕೋಟಿ ಡಾಲರ್ ಪರಿಹಾರದ ತೀರ್ಪಾಗಿತ್ತು. ಮೇಲ್ಮನವಿ ಇನ್ನೂ ಸುಪ್ರೀಂ ಕೋರ್ಟಿಗೆ ಹೋಗಬೇಕಿತ್ತು. ಅಷ್ಟರಲ್ಲಿ 2004ರ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದು ಬ್ರೆಂಟ್ ಬೆಂಜಮಿನ್ ಅನ್ನುವ ವಕೀಲರ ಗೆಲುವಿಗೆ ನಿಂತರು. ಬೆಂಜಮಿನ್ ಗೆದ್ದರು. ಕೇಸು ಬಂದಾಗ ಹಿಂದೆ ಸರಿಯಲು ಒಪ್ಪಲಿಲ್ಲ. ಪರಿಹಾರದ ತೀರ್ಪು 3-2ರಲ್ಲಿ ರದ್ದಾಯಿತು. ಆ ಮೂರರಲ್ಲಿ ಒಂದು ಮತ ಬೆಂಜಮಿನ್ ಅವರದು. 2009ರಲ್ಲಿ ಫೆಡರಲ್ ಸುಪ್ರೀಂ ಕೋರ್ಟು, ಇಂಥ ಸಂದರ್ಭದಲ್ಲಿ ಜಡ್ಜ್ ಹಿಂದೆ ಸರಿಯಲೇಬೇಕು ಅಂದಿತು. ಅದೂ ಬರೀ 5-4ರಲ್ಲಿ!

ಈ ಗಲಾಟೆಯ ನಂತರ ವೆಸ್ಟ್ ವರ್ಜೀನಿಯಾ 2016ರಿಂದ ಬ್ಯಾಲೆಟ್ ಮೇಲಿನ ಪಕ್ಷದ ಹೆಸರು ತೆಗೆಯಿತು. ನನಗೆ ಇದು ವಿಚಿತ್ರ ಅನಿಸುತ್ತದೆ. ಕಾಯಿಲೆ ದುಡ್ಡಿನದು, ಔಷಧಿ ಹೆಸರಿಗೆ.

ಆಯೋಗ ಆರಿಸುವುದು, ಜನ ಹೌದು-ಅಲ್ಲ ಅನ್ನುವುದು

ಇದಕ್ಕೆ ಮಿಸೌರಿ ಪದ್ಧತಿ ಅಂತ ಹೆಸರು. 1930ರ ದಶಕದಲ್ಲಿ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯನ್ನು ಟಾಮ್ ಪೆಂಡರ್‌ಗಾಸ್ಟ್ ಅನ್ನುವ ರಾಜಕೀಯ ದೊರೆ ತನ್ನ ಜೇಬಲ್ಲಿ ಇಟ್ಟುಕೊಂಡಿದ್ದ. ಅದಕ್ಕೆ ಬೇಸತ್ತ ಮಿಸೌರಿ ಮತದಾರರು 1940ರಲ್ಲಿ ಹೊಸ ದಾರಿ ತಂದರು. ಒಂದು ಆಯೋಗ ಅರ್ಜಿಗಳನ್ನು ಜಾಲಾಡಿ ಮೂರು ಹೆಸರು ಕೊಡುತ್ತದೆ. ಗವರ್ನರ್ ಅದರಲ್ಲಿ ಒಬ್ಬರನ್ನು ಆರಿಸುತ್ತಾರೆ. ಆಮೇಲೆ ಆಗಾಗ ಜನ ಹೌದು ಅಥವಾ ಅಲ್ಲ ಅನ್ನುತ್ತಾರೆ. ಎದುರಾಳಿ ಇರುವುದಿಲ್ಲ.

ಕ್ಯಾನ್ಸಸ್ ರಾಜ್ಯ ಇದಕ್ಕೆ ಬಂದ ಕಥೆ ನಮ್ಮ ಯಾವುದೇ ರೆಸಾರ್ಟ್ ರಾಜಕೀಯಕ್ಕೂ ಸಮ. 1956ರಲ್ಲಿ ಗವರ್ನರ್ ಫ್ರೆಡ್ ಹಾಲ್ ಸ್ವಂತ ಪಕ್ಷದ ಪ್ರೈಮರಿಯಲ್ಲೇ ಸೋತರು. ವರ್ಷದ ಕೊನೆಗೆ ಮುಖ್ಯ ನ್ಯಾಯಮೂರ್ತಿ ವಿಲಿಯಂ ಸ್ಮಿತ್ ರಾಜೀನಾಮೆ ಕೊಟ್ಟರು. ಅವಧಿ ಮುಗಿಯಲು ಇನ್ನೂ ಕೆಲವು ದಿನ ಇರುವಾಗ ಹಾಲ್ ಕೂಡ ರಾಜೀನಾಮೆ ಕೊಟ್ಟರು. ಉಪ ಗವರ್ನರ್ ಜಾನ್ ಮೆಕ್‌ಕ್ಯೂಯಿಷ್ ಹನ್ನೊಂದು ದಿನದ ಗವರ್ನರ್ ಆದರು. ಆ ಹನ್ನೊಂದು ದಿನದಲ್ಲಿ ಅವರು ಮಾಡಿದ ಕೆಲಸ ಒಂದೇ ಅಂದರೂ ನಡೆಯುತ್ತದೆ: ಹಾಲ್ ಅವರನ್ನು ಸುಪ್ರೀಂ ಕೋರ್ಟಿನ ಆ ಖಾಲಿ ಕುರ್ಚಿಯಲ್ಲಿ ನ್ಯಾಯಮೂರ್ತಿಯಾಗಿ ಕೂರಿಸಿದ್ದು! ಜನಕ್ಕೆ ರೇಗಿ ಹೋಯಿತು. 1958ರಲ್ಲಿ ಆಯೋಗದ ಪದ್ಧತಿಗೆ ಮತ ಹಾಕಿದರು. ಅಲ್ಲಿಂದ ಈಚೆಗೆ ಹೌದು-ಅಲ್ಲ ಮತದಲ್ಲಿ ಒಬ್ಬ ನ್ಯಾಯಮೂರ್ತಿಯೂ ಸೋತಿಲ್ಲ.

ಈ ಕೊನೆಯ ವಾಕ್ಯವೇ ಎರಡೂ ಕಡೆಯವರ ಆಯುಧ. ಪದ್ಧತಿ ಬೇಕು ಅನ್ನುವವರು, ನೋಡಿ ಎಷ್ಟು ಸ್ಥಿರವಾಗಿದೆ ಅನ್ನುತ್ತಾರೆ. ಬೇಡ ಅನ್ನುವವರು, ಸೋಲೇ ಇಲ್ಲದ ಚುನಾವಣೆ ಎಂಥ ಚುನಾವಣೆ ಅನ್ನುತ್ತಾರೆ. ಇನ್ನೊಂದು ಆಕ್ಷೇಪವೂ ಇದೆ, ಅದನ್ನು ಹಗುರವಾಗಿ ತಳ್ಳಬಾರದು. ಅಲ್ಲಿನ ಒಂಬತ್ತು ಜನರ ಆಯೋಗದಲ್ಲಿ ಐವರು ವಕೀಲರೇ ಆರಿಸಿದ ವಕೀಲರು. ತಮ್ಮ ಕೇಸು ಕೇಳುವವರನ್ನು ವಕೀಲರೇ ಆರಿಸುವುದು ಎಷ್ಟು ಸರಿ? ಬೆಂಗಳೂರಿನ ವಕೀಲರ ಸಂಘದ ಚುನಾವಣೆಯ ಫ್ಲೆಕ್ಸ್‌ಗಳನ್ನು ನೋಡಿದವರಿಗೆ ವಕೀಲರು ರಾಜಕೀಯದಿಂದ ದೂರ ಅನ್ನುವ ಭ್ರಮೆ ಇರಲಾರದು, ಅಲ್ವಾ?

ಸೋಲೇ ಇಲ್ಲ ಅನ್ನುವುದೂ ಎಲ್ಲ ಕಡೆಗೂ ಹೊಂದುವ ಮಾತಲ್ಲ. ಅಯೋವಾದ ಸುಪ್ರೀಂ ಕೋರ್ಟು 2009ರಲ್ಲಿ ಸಲಿಂಗ ವಿವಾಹವನ್ನು ಮಾನ್ಯ ಮಾಡಿತು, ಒಮ್ಮತದ ತೀರ್ಪು. ಮರುವರ್ಷ ಹೌದು-ಅಲ್ಲ ಮತಕ್ಕೆ ಬಂದಿದ್ದ ಮೂವರನ್ನೂ ಮತದಾರರು ಮನೆಗೆ ಕಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಮರಣದಂಡನೆಯ ವಿಷಯಕ್ಕೆ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮತ್ತು ಇನ್ನಿಬ್ಬರು ಹೀಗೇ ಕುರ್ಚಿ ಕಳೆದುಕೊಂಡರು. ಎದುರಾಳಿ ಇಲ್ಲದ ಚುನಾವಣೆಯ ಅಪಾಯ ಇದು. ಬೇಡ ಅನ್ನುವುದು ಸುಲಭ, ಬದಲಿಗೆ ಯಾರು ಅಂತ ಯಾರೂ ಕೇಳುವುದಿಲ್ಲ.

ಉಳಿದ ಎರಡು ದಾರಿಗಳು ಬೇಗ ಮುಗಿಯುತ್ತವೆ. ಸೌತ್ ಕೆರೊಲಿನಾ, ವರ್ಜೀನಿಯಾಗಳಲ್ಲಿ ಶಾಸಕರೇ ಜಡ್ಜ್‌ಗಳನ್ನು ಆರಿಸುತ್ತಾರೆ. ಶಾಸಕರು ಮಾಡಿದ ಕಾನೂನನ್ನು ತೂಗಬೇಕಾದವರು ಶಾಸಕರ ಕೃಪೆಯಿಂದಲೇ ಬರುವುದು. ನನಗೆ ಇದು ಪಟ್ಟಿಯಲ್ಲಿ ಕೊನೆಯದು. 2023ರ ಜನವರಿಯಲ್ಲಿ ಸೌತ್ ಕೆರೊಲಿನಾ ಕೋರ್ಟು ಗರ್ಭಪಾತ ನಿರ್ಬಂಧವನ್ನು ತಳ್ಳಿಹಾಕಿತು. ಆ ತೀರ್ಪು ಬರೆದ ಕೇ ಹರ್ನ್ ನಿವೃತ್ತರಾದರು, ಶಾಸಕರು ಹೊಸಬರನ್ನು ಕಳಿಸಿದರು, ಆಗಸ್ಟ್‌ನಲ್ಲಿ ಅದೇ ಥರದ ಹೊಸ ಕಾನೂನಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಇನ್ನೊಂದು ಕಡೆ ಮ್ಯಾಸಚೂಸೆಟ್ಸ್. ಗವರ್ನರ್ ಹೆಸರಿಸಿ, ಚುನಾಯಿತ ಮಂಡಳಿಯೊಂದು ಒಪ್ಪಿದರೆ 70 ವರ್ಷದವರೆಗೆ ಕೆಲಸ. ಮತ್ತೆ ಯಾರ ಮುಂದೂ ಕೈ ಕಟ್ಟಿ ನಿಲ್ಲಬೇಕಾಗಿಲ್ಲ.

ಹಾಗಾದರೆ ಯಾವುದು?

ಎಲ್ಲರೂ ಕೇಳುವ ಪ್ರಶ್ನೆ 'ಪಕ್ಷದ ಹೆಸರು ಇರಬೇಕಾ' ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು: ಈ ಜಡ್ಜ್ ಮತ್ತೆ ಯಾರನ್ನಾದರೂ ಮೆಚ್ಚಿಸಬೇಕಾ? ಪೆನ್ಸಿಲ್ವೇನಿಯಾದಲ್ಲಿ ಕೆಳಗಿನ ಕೋರ್ಟುಗಳ ಶಿಕ್ಷೆಗಳನ್ನು ಅಧ್ಯಯನ ಮಾಡಿದವರು, ಹೌದು-ಅಲ್ಲ ಮತ ಹತ್ತಿರ ಬಂದಷ್ಟೂ ಜಡ್ಜ್‌ಗಳು ಜೈಲುವಾಸ ಜಾಸ್ತಿ ಮಾಡುತ್ತಾರೆ ಅಂತ ಕಂಡುಕೊಂಡರು. ಪಕ್ಷದ ಹೆಸರೇ ಇಲ್ಲದ ವಾಷಿಂಗ್ಟನ್ ರಾಜ್ಯದಲ್ಲೂ ಅವಧಿಯ ಕೊನೆಯಲ್ಲಿ ಶಿಕ್ಷೆಗಳು ಸುಮಾರು 10 ಶೇಕಡಾ ಉದ್ದವಾಗುತ್ತವೆ ಅಂತ ಇನ್ನೊಂದು ಅಧ್ಯಯನ ಹೇಳಿತು. ಒಬ್ಬ ಮನುಷ್ಯ ಹೆಚ್ಚು ದಿನ ಜೈಲಿನಲ್ಲಿರುವುದು ಅವನ ಅಪರಾಧಕ್ಕಲ್ಲ, ಕ್ಯಾಲೆಂಡರಿಗೆ! ಪ್ಯಾಕ್ಸ್‌ಟನ್ ಕಥೆ, ಅಯೋವಾ ಕಥೆ, ಮೈಯರ್ಸ್ ಕಥೆ, ಎಲ್ಲದರಲ್ಲೂ ಇರುವ ಎಳೆ ಇದೇ.

ಭಾರತದಲ್ಲಿ ಚುನಾವಣೆ ಇಲ್ಲ, ಹಾಗಾಗಿ ನಾವು ಪಾರು ಅಂದುಕೊಳ್ಳಬೇಡಿ. ಅಲ್ಲಿ ಕೊಲಿಜಿಯಂ, ಅಂದರೆ ಹಿರಿಯ ಜಡ್ಜ್‌ಗಳೇ ಹೊಸಬರನ್ನು ಸೂಚಿಸುತ್ತಾರೆ. ಇದನ್ನು ಬದಲಿಸಲು ಬಂದ ಆಯೋಗದ ಕಾನೂನನ್ನು 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು 4-1ರಲ್ಲಿ ರದ್ದು ಮಾಡಿತು. ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ನಿವೃತ್ತಿ ವಯಸ್ಸು. ಪ್ರಶ್ನೆ ಏಳುವುದು ಅದರಾಚೆ. ನಮ್ಮ ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾಗಿ ಹೆಸರಿಸಲ್ಪಟ್ಟಾಗ ಈ ಚರ್ಚೆ ಜೋರಾಗಿತ್ತು. ಅವರ ತೀರ್ಪುಗಳಲ್ಲಿ ಐಬಿತ್ತು ಅಂತ ನಾನು ಹೇಳುತ್ತಿಲ್ಲ. ನಿವೃತ್ತಿಯ ನಂತರದ ಹುದ್ದೆಯೂ ಒಂಥರಾ ಮರುಚುನಾವಣೆಯೇ ಅಂತ ಹೇಳುತ್ತಿದ್ದೇನೆ.

ಹಾಗಾಗಿ ನನ್ನ ಕ್ರಮ ಹೀಗೆ. ನೇಮಕ ಯಾರೇ ಮಾಡಲಿ, ಒಂದೇ ಉದ್ದನೆಯ ಅವಧಿ, ಮರುಚುನಾವಣೆ ಇಲ್ಲ ಅನ್ನುವ ಪದ್ಧತಿ ಕಣ್ಣ ಮುಂದಿದ್ದರೆ ಅದಕ್ಕೆ ಹಾಕುತ್ತೇನೆ. ಮ್ಯಾಸಚೂಸೆಟ್ಸ್ ಅದಕ್ಕೆ ಹತ್ತಿರ. ಅದು ಸಿಗದಿದ್ದರೆ ಆಯೋಗ ಮತ್ತು ಹೌದು-ಅಲ್ಲ. ಆದರೆ ಆಯೋಗದಲ್ಲಿ ವಕೀಲರದೇ ಬಹುಮತ ಇರಬಾರದು, ಜಡ್ಜ್‌ಗಳ ಕೆಲಸದ ಬಗ್ಗೆ ಅರಿಜೋನಾ, ಕೊಲೊರಾಡೋದಲ್ಲಿ ಇರುವ ಹಾಗೆ ಜನರಿಗೆ ವರದಿ ಸಿಗಬೇಕು. ಸ್ಪರ್ಧೆಯ ಚುನಾವಣೆ ಖಂಡಿತ ನಡೆಯುತ್ತದೆ ಅನ್ನುವ ಸ್ಥಿತಿ ಇದ್ದರೆ, ಆಗ ನಾನು ಪಕ್ಷದ ಹೆಸರು ಇರಲಿ ಅನ್ನುವ ಕಡೆ. 2016ರಲ್ಲಿ ಖಾಲಿ ಬಿಟ್ಟು ಬಂದವನು ಹೇಳುವ ಮಾತು ಇದು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಹೆಸರಿದ್ದರೆ ಜನ ಓದುವುದನ್ನೇ ನಿಲ್ಲಿಸುತ್ತಾರೆ ಅನ್ನುವುದು ಅವಳ ವಾದ. ಅವಳು ಪ್ರತಿ ಸಲ ಇಬ್ಬರು ಅಭ್ಯರ್ಥಿಗಳ ತೀರ್ಪು ಹುಡುಕಿ ಓದಿಯೇ ಹೋಗುವವಳು, ಹಾಗಾಗಿ ಅವಳಿಗೆ ಆ ಮಾತು ಹೇಳುವ ಹಕ್ಕಿದೆ.

ಈಗಿರುವ ಪದ್ಧತಿಯಲ್ಲೇ ಮತ ಹಾಕಬೇಕಾದವರಿಗೆ ಒಂದೆರಡು ಮಾತು. ಟೆಕ್ಸಸ್, ಅಲಬಾಮಾದಲ್ಲಿದ್ದರೆ ನವೆಂಬರ್‌ಗೆ ಕಾಯಬೇಡಿ, ಪ್ರೈಮರಿಗೆ ಹೋಗಿ. ಟೆಕ್ಸಸ್‌ನಲ್ಲಿ ನೀವು ಯಾವ ಪಕ್ಷದ ಪ್ರೈಮರಿಯಲ್ಲಾದರೂ ಹಾಕಬಹುದು, ಎರಡರಲ್ಲೂ ಹಾಕುವ ಹಾಗಿಲ್ಲ ಅಷ್ಟೇ. ಪೆನ್ಸಿಲ್ವೇನಿಯಾದಲ್ಲಿ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ ಪ್ರೈಮರಿ, ಆದ್ದರಿಂದ ಮೊದಲೇ ನೋಡಿಕೊಳ್ಳಿ. ವಿಸ್ಕಾನ್ಸಿನ್‌ನವರಿಗೆ ಚುನಾವಣೆ ಏಪ್ರಿಲ್‌ನಲ್ಲಿ, ಯುಗಾದಿ ಆಸುಪಾಸಿನಲ್ಲಿ ಅಂತ ನೆನಪಿಟ್ಟುಕೊಳ್ಳಿ. ಇಲಿನಾಯ್‌ನಲ್ಲಿ ಹೌದು-ಅಲ್ಲ ಮತಕ್ಕೆ 50 ಸಾಲದು, 60 ಶೇಕಡಾ ಹೌದು ಬೇಕು. ಆ ಕಾರಣಕ್ಕೆ 2020ರಲ್ಲಿ ಥಾಮಸ್ ಕಿಲ್‌ಬ್ರೈಡ್ ಅಧಿಕ ಹೌದು ಪಡೆದೂ ಕುರ್ಚಿ ಕಳೆದುಕೊಂಡರು. ಅಲ್ಲಿ ಖಾಲಿ ಬಿಡುವ ಮುಂಚೆ ಎರಡು ಸಲ ಯೋಚಿಸಿ. ನಾರ್ತ್ ಕೆರೊಲಿನಾದ ನಮ್ಮವರು ಮಾದರಿ ಬ್ಯಾಲೆಟ್ ಅನ್ನು ರಾಜ್ಯ ಚುನಾವಣಾ ಮಂಡಳಿಯ ಜಾಲತಾಣದಿಂದ ಮೊದಲೇ ಇಳಿಸಿಕೊಂಡು, ಮನೆಯಲ್ಲೇ ಗುರುತು ಹಾಕಿ, ಮುದ್ರಿಸಿ ಕೈಯಲ್ಲಿ ಹಿಡಿದು ಹೋಗಿ. ಆ ಕಾಗದಕ್ಕೆ ಹಿಂಬದಿಯೂ ಇರುತ್ತದೆ. ತಿರುಗಿಸಿ ನೋಡಿ.